ಉಪ್ಪಿನ ಬೆಟ್ಟಕ್ಕೆ ಒಪ್ಪಿಸಿದ ಅಮಾನತು

ನಮ್ಮ ಮನೆಯ ಅಡುಗೆಕೋಣೆಯಲ್ಲಿ ಎರಡು ಬಗೆಯ ಉಪ್ಪು ಇರುತ್ತಿತ್ತು. ಜಾಡಿಯಲ್ಲಿ ಸಮುದ್ರದ ಹರಳುಪ್ಪು. ಅಟ್ಟದ ಮೇಲೆ ಬಟ್ಟೆಯಲ್ಲಿ ಸುತ್ತಿಟ್ಟ, ನಸುಗೆಂಪು ಬಣ್ಣದ ಒಂದು ಕಲ್ಲು. ದಾದಿ ಅದನ್ನು ಲಾಹೋರಿ ನಮಕ್ ಎನ್ನುತ್ತಿದ್ದರು. ಗ್ರಂದಿಗೆ ಅಂಗಡಿಯ ಶೆಟ್ಟರು ಅದೇ ಕಲ್ಲನ್ನು ಸೈಂಧವ ಲವಣ ಎಂದು ಕೊಡುತ್ತಿದ್ದರು. ಒಂದು ಹೆಸರು ಊರಿನದು, ಇನ್ನೊಂದು ಸಿಂಧೂ ನದಿಯದು. ಯಾರಿಗಾದರೂ ಹೊಟ್ಟೆ ಉಬ್ಬರಿಸಿದರೆ ಕಲ್ಲು ಕೆಳಗಿಳಿಯುತ್ತಿತ್ತು, ಚೂರು ಒಡೆದು ಬಿಸಿನೀರಿಗೆ ಹಾಕಿದ ಮೇಲೆ ಮತ್ತೆ ಅಟ್ಟ ಸೇರುತ್ತಿತ್ತು. ಮಳೆಗಾಲದಲ್ಲಿ ಅದು ಬೆವರುತ್ತಿತ್ತು. ಸುತ್ತಿದ ಬಟ್ಟೆ ಒದ್ದೆಯಾಗಿರುತ್ತಿತ್ತು. ಕಲ್ಲಿಗೂ ಬೆವರು ಬರುತ್ತದೆಯೇ ಎಂದು ಕೇಳಿದರೆ ದಾದಿ, "ಉಪ್ಪು ತಿಂದವನು ನೀರು ಕುಡೀಬೇಕಂತೆ, ಉಪ್ಪೇ ಆದವನು ಕುಡೀಬಾರದೇನೋ?" ಎನ್ನುತ್ತಿದ್ದರು.

ಆ ಕಲ್ಲು ಬೆವರುವುದಷ್ಟೇ ಅಲ್ಲ, ನಡೆಯುತ್ತದೆ ಕೂಡ ಎಂದು ನನಗೆ ತಿಳಿದದ್ದು ಬಹಳ ತಡವಾಗಿ. ಪಾಕಿಸ್ತಾನದ ಪಂಜಾಬಿನಲ್ಲಿ, ಆ ಕಲ್ಲು ಬರುವ ಖೇವ್ಡಾ ಗಣಿಯಿರುವ ಉಪ್ಪಿನ ಬೆಟ್ಟಸಾಲು ಎದ್ದು ನಿಂತಿರುವುದೇ ಉಪ್ಪಿನ ಈ ಗುಣದಿಂದ. ಹಿಮಾಲಯವನ್ನು ಎಬ್ಬಿಸಿದ ಒತ್ತಡ ಪೊಟ್ವಾರ್ ಪ್ರಸ್ಥಭೂಮಿಯನ್ನು ದಕ್ಷಿಣಕ್ಕೆ ತಳ್ಳಿದಾಗ, ಕೆಳಗಿದ್ದ ಉಪ್ಪಿನ ಪದರ ಎಣ್ಣೆ ಸವರಿದ ಹಲಗೆಯಂತೆ ಅದನ್ನು ಜಾರಗೊಟ್ಟಿತು. ಬೆಟ್ಟಗಳು ಸ್ಥಿರವಾಗಿವೆ ಎಂಬುದು ನಮ್ಮ ಕಣ್ಣಿನ ಲೆಕ್ಕ. ಉಪ್ಪಿನ ಲೆಕ್ಕವೇ ಬೇರೆ. ಆ ಲೆಕ್ಕವನ್ನು ಮನುಷ್ಯ ಹೇಗೆ ಅರಿತ, ಅರಿತು ಏನು ಮಾಡಿದ, ಅರಿತೂ ಎಲ್ಲಿ ಎಡವಿದ ಎಂಬುದೇ ಈ ಲೇಖನದ ವಿಷಯ.

ಬೆಟ್ಟ ನುಂಗಿದ ಮನುಷ್ಯರು

ಆಸ್ಟ್ರಿಯಾದ ಹಾಲ್‌ಸ್ಟಾಟ್ ಎಂಬ ಊರಿನ ಮೇಲಿನ ಬೆಟ್ಟದಲ್ಲಿ ಮೂರು ಸಾವಿರ ವರ್ಷಗಳಿಗೂ ಹಿಂದಿನಿಂದ ಉಪ್ಪು ತೆಗೆಯುತ್ತ ಬಂದಿದ್ದಾರೆ. 1734ರಲ್ಲಿ ಅಲ್ಲಿನ ಗಣಿಗಾರರಿಗೆ ಉಪ್ಪಿನ ಬಂಡೆಯ ಒಳಗೆ ಒಂದು ಶವ ಸಿಕ್ಕಿತು. ಚಪ್ಪಟೆಯಾಗಿ, ಬಂಡೆಯೊಂದಿಗೇ ಬೆಳೆದಂತೆ ಅಂಟಿಕೊಂಡಿತ್ತು. ಅದು ಅವರ ಕಾಲದ್ದಲ್ಲ, ಪ್ರಾಚೀನ ಕಾಲದ ಯಾವನೋ ಗಣಿಗಾರನದು. ಅದನ್ನು ಊರಿನ ಸ್ಮಶಾನದ ಒಂದು ಮೂಲೆಯಲ್ಲಿ ಹೂಳಿದರು. ಆ ಬೆಟ್ಟದಲ್ಲಿ ಅಗೆಯುವಾಗ ಉಪ್ಪಿನ ಒಳಗಿನಿಂದ ಮರದ ತುಂಡು, ಸುಟ್ಟ ಪಂಜಿನ ಕಡ್ಡಿ, ಚರ್ಮದ ಚೀಲ, ಬಟ್ಟೆಯ ಚೂರು ಬರುತ್ತಲೇ ಇರುತ್ತವೆ. ಇಂಥ ಬಂಡೆಗೆ ಅಲ್ಲಿನವರು ಇಟ್ಟ ಹೆಸರು 'ಹೈಡನ್‌ಗೆಬಿರ್ಗೆ', ಅಂದರೆ ಕ್ರೈಸ್ತರಲ್ಲದವರ ಬೆಟ್ಟ.

ಗಟ್ಟಿ ಬಂಡೆಯ ನಡುವೆ ಬಟ್ಟೆಯ ಚೂರು ಹೇಗೆ ಬಂತು? ಪ್ರಾಚೀನರು ಕೊರೆದ ಸುರಂಗಗಳಿಗೆ ಕೆಲವೆಡೆ ಮಣ್ಣು ನುಗ್ಗಿತು, ಕೆಲವೆಡೆ ಚಾವಣಿ ಕುಸಿಯಿತು. ಆದರೆ ಆಮೇಲೆ ನಡೆದದ್ದು ಕುಸಿತವಲ್ಲ. ಸುತ್ತಲಿನ ಉಪ್ಪು ನೂರಾರು ವರ್ಷಗಳಲ್ಲಿ ಒಳಕ್ಕೆ ಒತ್ತುತ್ತ, ಖಾಲಿ ಜಾಗವನ್ನೆಲ್ಲ ತುಂಬಿಕೊಂಡು, ಬಿಟ್ಟುಹೋದ ಸಾಮಾನುಗಳ ಸುತ್ತ ಮತ್ತೆ ಒಂದೇ ಬಂಡೆಯಾಯಿತು. ಗಾಯ ಮಾಯುವ ಹಾಗೆ. ಅದೇ ಗಣಿಯಲ್ಲಿ ಕ್ರಿ.ಪೂ. 14ನೇ ಶತಮಾನದ ಒಂದು ಮರದ ಮೆಟ್ಟಿಲು 2003ರಲ್ಲಿ ಸಿಕ್ಕಿತು. ಮೂರು ಸಾವಿರ ವರ್ಷ ಕಳೆದರೂ ಮರ ಗಟ್ಟಿಯಾಗಿತ್ತು. ಉಪ್ಪಿನಲ್ಲಿಟ್ಟದ್ದು ಕೊಳೆಯುವುದಿಲ್ಲವೆಂಬುದು ಮಾವಿನಕಾಯಿ ಉಪ್ಪಿನಕಾಯಿ ಹಾಕುವವರಿಗೆ ಹೇಳಿಕೊಡಬೇಕಾದ ಮಾತಲ್ಲ.

ಇರಾನಿನ ಝಂಜಾನ್ ಪ್ರಾಂತದ ಚೆಹ್ರಾಬಾದ್ ಗಣಿಯಲ್ಲೂ ಇಂಥದೇ ಕತೆ. 1993ರಲ್ಲಿ ಅಲ್ಲಿ ಉಪ್ಪು ಅಗೆಯುವಾಗ ಉದ್ದ ಕೂದಲು, ಗಡ್ಡ, ಕಿವಿಯಲ್ಲಿ ಚಿನ್ನದ ಓಲೆ ಇದ್ದ ಒಂದು ತಲೆ ಸಿಕ್ಕಿತು. ಚರ್ಮದ ಬೂಟಿನೊಳಗೆ ಕಾಲಿನ ತುಂಡು ಸಿಕ್ಕಿತು. ಸುಮಾರು 1,700 ವರ್ಷ ಹಿಂದಿನ ಆ ತಲೆಯನ್ನು ಈಗ ತೆಹರಾನಿನ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿ ಇಟ್ಟಿದ್ದಾರೆ. 2004ರಿಂದ ಮತ್ತೆ ಕೆಲವು ದೇಹಗಳು ಸಿಕ್ಕವು. ಅವುಗಳಲ್ಲೊಬ್ಬ ಹದಿನಾರರ ಆಸುಪಾಸಿನ ಹುಡುಗ, ಹಖಾಮನಿ ದೊರೆಗಳ ಕಾಲದವನು. ಗಣಿ ಕುಸಿದು ಸತ್ತವನು. ಫಾರಸಿಯಲ್ಲಿ ಇವರನ್ನು 'ಮರ್ದಾನೆ ನಮಕಿ' ಎನ್ನುತ್ತಾರೆ. ನಮಕ್ ಎಂಬ ಮಾತು ನಮ್ಮ ಮನೆಯ ಉರ್ದುವಿನಲ್ಲೂ ಅದೇ, ಇರಾನಿನ ಬೆಟ್ಟದಲ್ಲೂ ಅದೇ. ಆ ಹುಡುಗ ಯಾರ ಮನೆಯ ನಮಕ್ ತಿಂದವನೋ, ಯಾವ ಸಾಹುಕಾರನಿಗೆ ಹರಾಮ್ ಮಾಡದೆ ದುಡಿದವನೋ. ನಮಕ್ ಅವನನ್ನೇ ತಿಂದುಹಾಕಿತು.

ಕಲ್ಲು ಹರಿಯುವುದೆಂದರೇನು?

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಉಪ್ಪಿನ ಗಡ್ಡೆಗೆ ಸುತ್ತಿಗೆಯಿಂದ ಹೊಡೆಯಿರಿ, ಗಾಜಿನಂತೆ ಸಿಡಿಯುತ್ತದೆ. ಅದೇ ಗಡ್ಡೆಯನ್ನು ನೆಲದಡಿಯಲ್ಲಿ ನೂರಾರು ಮೀಟರ್ ಬಂಡೆಯ ಭಾರದಿಂದ, ಅವಸರವಿಲ್ಲದೆ, ವರ್ಷಗಟ್ಟಲೆ ಒತ್ತಿರಿ. ಸಿಡಿಯುವುದಿಲ್ಲ, ಬಗ್ಗುತ್ತದೆ, ಹರಿಯುತ್ತದೆ. ಗಣಿ ಎಂಜಿನಿಯರುಗಳು ಇದನ್ನು 'ಕ್ರೀಪ್' ಎನ್ನುತ್ತಾರೆ. ತೆವಳುವುದು ಎಂದರ್ಥ. ಎಲ್ಲ ಬಂಡೆಗಳೂ ಸಾಕಷ್ಟು ಬಿಸಿಯಲ್ಲಿ ತೆವಳುತ್ತವೆ. ಆದರೆ ಗ್ರಾನೈಟ್ ತೆವಳಲು ಭೂಮಿಯ ಬಹು ಆಳದ ಕಾವು ಬೇಕು. ಉಪ್ಪಿಗೆ ನಮ್ಮ ಬೇಸಿಗೆಯ ಮಧ್ಯಾಹ್ನದ ಬಿಸಿಯೂ ಸಾಕಾಗುತ್ತದೆ. ಬಿಸಿ ಏರಿದಷ್ಟೂ ಅದರ ನಡಿಗೆ ಜೋರಾಗುತ್ತದೆ.

ಇದು ಹೇಗೆ ಸಾಧ್ಯ? ಮದುವೆ ಮಂಟಪದಲ್ಲಿ ಹಾಸಿದ ದೊಡ್ಡ ಜಮಖಾನವನ್ನು ಒಂದು ಗೇಣು ಸರಿಸಬೇಕೆನ್ನಿ. ಇಡೀ ಜಮಖಾನವನ್ನು ಎಳೆಯಲು ಹತ್ತು ಜನ ಸಾಲದು. ಆದರೆ ಒಂದು ತುದಿಯಲ್ಲಿ ಸಣ್ಣ ಮಡಿಕೆ ಎಬ್ಬಿಸಿ, ಆ ಮಡಿಕೆಯನ್ನು ಕಾಲಿನಿಂದ ತಳ್ಳುತ್ತ ಇನ್ನೊಂದು ತುದಿಗೆ ಒಯ್ದರೆ ಒಬ್ಬ ಹುಡುಗನೇ ಸಾಕು. ಹರಳಿನೊಳಗಿನ ಅಣುಗಳ ಸಾಲಿನಲ್ಲೂ ಇಂಥ ಮಡಿಕೆಗಳಿರುತ್ತವೆ ಎಂದು 1934ರಲ್ಲಿ ಟೇಲರ್, ಒರೊವಾನ್, ಪೊಲಾನ್ಯಿ ಎಂಬ ಮೂವರು ವಿಜ್ಞಾನಿಗಳು ಬೇರೆಬೇರೆಯಾಗಿ ಹೇಳಿದರು. ಒತ್ತಡ ಬಿದ್ದಾಗ ಆ ಮಡಿಕೆಗಳು ಸರಿಯುತ್ತವೆ. ಕಾವು ಅವುಗಳ ದಾರಿಯ ತಡೆಗಳನ್ನು ಸಡಿಲಿಸುತ್ತದೆ. ಉಪ್ಪಿನ ಹರಳಿನಲ್ಲಿ ಈ ಸರಿದಾಟ ಬಹಳ ಸಲೀಸು.

ಎರಡನೆಯ ದಾರಿ ನೀರಿನದು. ನೈಸರ್ಗಿಕ ಉಪ್ಪಿನ ಹರಳುಗಳ ಅಂಚಿನಲ್ಲಿ ಕಣ್ಣಿಗೆ ಕಾಣದಷ್ಟು ತೇವ ಇರುತ್ತದೆ. ಒತ್ತಡ ಹೆಚ್ಚಿರುವ ಮಗ್ಗುಲಲ್ಲಿ ಉಪ್ಪು ಆ ತೇವದಲ್ಲಿ ಕರಗುತ್ತದೆ, ಒತ್ತಡ ಕಡಿಮೆಯಿರುವ ಮಗ್ಗುಲಲ್ಲಿ ಮತ್ತೆ ಹರಳುಗಟ್ಟುತ್ತದೆ. ಹೀಗೆ ಕರಗಿ ಕೂಡುತ್ತ ಇಡೀ ಬಂಡೆ ಆಕಾರ ಬದಲಿಸುತ್ತದೆ. ರಷ್ಯದ ಭೌತವಿಜ್ಞಾನಿ ಅಬ್ರಾಮ್ ಇಯೋಫೆ 1924ರಲ್ಲಿಯೇ ಒಣಗಿದ್ದಾಗ ಪಟ್ಟನೆ ಮುರಿಯುವ ಉಪ್ಪಿನ ಹರಳು ನೀರಿನಲ್ಲಿ ನೆನೆದಾಗ ಬಗ್ಗುವುದನ್ನು ತೋರಿಸಿದ್ದರು. 1986ರಲ್ಲಿ ಯಾನೊಸ್ ಉರಾಯಿ ಮತ್ತು ಸಂಗಡಿಗರು ಪ್ರಯೋಗಶಾಲೆಯಲ್ಲಿ ಉಪ್ಪುಬಂಡೆಯನ್ನು ಒತ್ತಿನೋಡಿ, ಅತ್ಯಲ್ಪ ತೇವವೂ ಅದನ್ನು ಎಷ್ಟು ದುರ್ಬಲಗೊಳಿಸುತ್ತದೆಂದು ಸಾಬೀತುಮಾಡಿದರು. ದಾದಿಯ ಬಟ್ಟೆಯನ್ನು ಒದ್ದೆ ಮಾಡಿದ್ದು ಮಳೆಗಾಲದ ಗಾಳಿಯ ತೇವ. ಬಂಡೆಯೊಳಗಿನದು ಹುಟ್ಟಿನಿಂದ ಬಂದದ್ದು. ಆದರೆ ಉಪ್ಪಿಗೂ ನೀರಿಗೂ ಇರುವ ಸೆಳೆತ ಎರಡು ಕಡೆಯೂ ಒಂದೇ.

ಇದನ್ನು ಬಯಲಿನಲ್ಲೇ ಕಾಣಬೇಕೆಂದರೆ ಇರಾನಿನ ದಕ್ಷಿಣಕ್ಕೆ ಹೋಗಬೇಕು. ಸುಮಾರು 54 ಕೋಟಿ ವರ್ಷ ಹಿಂದಿನ ಸಮುದ್ರಗಳು ಬತ್ತಿ ಉಳಿದ ಉಪ್ಪು ಅಲ್ಲಿ ಕಿಲೋಮೀಟರುಗಟ್ಟಲೆ ಮಣ್ಣು-ಬಂಡೆಯಡಿ ಹೂತುಹೋಗಿತ್ತು. ಮೇಲಿನ ಪದರಗಳು ಭಾರಕ್ಕೆ ಅದುಮಿ ಗಟ್ಟಿಯಾಗುತ್ತ ಹೋದರೂ ಉಪ್ಪು ಹಗುರವಾಗಿಯೇ ಉಳಿಯಿತು. ಸುತ್ತಿನ ಒತ್ತಡಕ್ಕೆ ಸಿಕ್ಕಿ ಮೇಲಕ್ಕೆ ಉಬ್ಬಿತು, ತಲೆಯ ಮೇಲಿನ ಬಂಡೆಗಳನ್ನು ಸೀಳಿ ಹೊರಬಂತು. ಇಂಥ ಉಬ್ಬುಗಳಿಗೆ 'ಡಯಾಪಿರ್' ಎಂದು ಹೆಸರಿಟ್ಟವರು ರುಮೇನಿಯದ ಭೂವಿಜ್ಞಾನಿ ಲುಡೋವಿಕ್ ಮ್ರಾಜೆಕ್, 20ನೇ ಶತಮಾನದ ಮೊದಲ ದಶಕದಲ್ಲಿ. ಝಾಗ್ರೋಸ್ ಬೆಟ್ಟಗಳಲ್ಲಿ ಈ ಉಪ್ಪು ಶಿಖರದಿಂದ ಕಣಿವೆಗೆ ಹಿಮನದಿಯಂತೆ ಇಳಿಯುತ್ತದೆ. ಬೂಶೆಹರ್ ಪ್ರಾಂತದ ದಶ್ತಿ ಸೀಮೆಯ ಕೂಹೆ ನಮಕ್, ಅಂದರೆ ಉಪ್ಪಿನ ಬೆಟ್ಟದ ಮೇಲೆ ಗುರುತು ಹಾಕಿ ಅಳೆದ ಕ್ರಿಸ್ಟೋಫರ್ ಟಾಲ್ಬಟ್ ಮತ್ತು ರೋಜರ್ಸ್ 1980ರಲ್ಲಿ ಫಲಿತಾಂಶ ಪ್ರಕಟಿಸಿದರು. ವರ್ಷದ ಬಹುಭಾಗ ಒಣಗಿ ಸುಮ್ಮನಿರುವ ಉಪ್ಪು, ಮಳೆ ಬಿದ್ದ ಕೆಲವೇ ದಿನ ದಿನಕ್ಕೆ ಅರ್ಧ ಮೀಟರಿನವರೆಗೆ ನಡೆಯುತ್ತಿತ್ತು.

ಹಾಗಾಗಿ ಉಪ್ಪಿನ ಗುಣ ಎರಡು ಮಾತಿನಲ್ಲಿ ಹೇಳಬಹುದು. ಸುಮ್ಮನೆ ಬಿಟ್ಟರೆ ಅದು ತನ್ನ ಬಿರುಕುಗಳನ್ನು ತಾನೇ ಮುಚ್ಚಿಕೊಳ್ಳುತ್ತದೆ. ಅದರೊಳಗೆ ಕೋಣೆ ಕೊರೆದರೆ, ಆ ಕೋಣೆಯನ್ನೂ ಮುಚ್ಚಲು ಹೊರಡುತ್ತದೆ.

ಅಣುಯುಗದ ಭರವಸೆ

ಎರಡನೆಯ ಮಹಾಯುದ್ಧದ ನಂತರ ಅಮೆರಿಕದ ಬಳಿ ಒಂದು ಹೊಸ ಬಗೆಯ ಕಸ ಇತ್ತು. ಬಾಂಬಿಗೆ ಪ್ಲುಟೋನಿಯಂ ತೆಗೆದ ಮೇಲೆ ಉಳಿದ ವಿಕಿರಣಶೀಲ ತ್ಯಾಜ್ಯ. ಪ್ಲುಟೋನಿಯಂ-239 ತನ್ನ ಅರ್ಧದಷ್ಟು ಕರಗಲು ಸುಮಾರು 24,000 ವರ್ಷ ಬೇಕು. ನಮ್ಮ ಹಲ್ಮಿಡಿ ಶಾಸನಕ್ಕೆ ಸುಮಾರು 1,500 ವರ್ಷ. ಅದರ ಕನ್ನಡವನ್ನೇ ಇಂದು ಪಂಡಿತರ ನೆರವಿಲ್ಲದೆ ಓದಲಾರೆವು. ಅಷ್ಟು ಕಾಲ ಯಾರ ಕಾವಲೂ ಇಲ್ಲದೆ ಏನನ್ನಾದರೂ ಕಾಯ್ದಿಡಬೇಕಾದರೆ ಎಲ್ಲಿಡಬೇಕು?

1955ರಲ್ಲಿ ಪ್ರಿನ್ಸ್‌ಟನ್ನಿನಲ್ಲಿ ವಿಜ್ಞಾನಿಗಳು ಸೇರಿ ಈ ಪ್ರಶ್ನೆಯನ್ನು ಚರ್ಚಿಸಿದರು. 1957ರಲ್ಲಿ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ ವರದಿ ಹೊರಬಂತು. ಅದರ ಪ್ರಕಾರ ಅತ್ಯಂತ ಭರವಸೆಯ ಜಾಗ ಉಪ್ಪು. ತರ್ಕ ಸರಳವಾಗಿತ್ತು. ಕೋಟ್ಯಂತರ ವರ್ಷ ಉಪ್ಪು ಕರಗದೆ ಉಳಿದಿದೆಯೆಂದರೆ ಅಲ್ಲಿಗೆ ನೀರು ಹೋಗಿಲ್ಲವೆಂದರ್ಥ. ತ್ಯಾಜ್ಯವನ್ನು ಹೊತ್ತು ತರಬಲ್ಲದ್ದು ನೀರೊಂದೇ. ಬಿರುಕು ಬಿಟ್ಟರೂ ಉಪ್ಪು ಹರಿದು ಅದನ್ನು ಮುಚ್ಚುತ್ತದೆ. ಇಟ್ಟ ವಸ್ತುವನ್ನು ಕೆಲವೇ ಶತಮಾನಗಳಲ್ಲಿ ಅಪ್ಪಿ ಹಿಡಿದು ಬಂಡೆಯೊಳಗೆ ಸೇರಿಸಿಕೊಳ್ಳುತ್ತದೆ. ಹಾಲ್‌ಸ್ಟಾಟಿನ ಗಣಿಗಾರನನ್ನು ಸೇರಿಸಿಕೊಂಡ ಹಾಗೆ. ಸಮಾಧಿಯೇ ತನ್ನ ಬಾಗಿಲನ್ನು ಮುಚ್ಚಿಕೊಳ್ಳುವುದಾದರೆ ಕಾವಲುಗಾರ ಯಾಕೆ ಬೇಕು?

1965ರಿಂದ 1968ರವರೆಗೆ ಕ್ಯಾನ್ಸಸ್ ರಾಜ್ಯದ ಲಯನ್ಸ್ ಊರಿನ ಹಳೆಯ ಉಪ್ಪಿನ ಗಣಿಯಲ್ಲಿ ಓಕ್ ರಿಜ್ ಪ್ರಯೋಗಶಾಲೆಯವರು ಪರೀಕ್ಷೆ ನಡೆಸಿದರು. ರಿಯಾಕ್ಟರಿನ ಬಳಸಿದ ಇಂಧನವನ್ನು ಉಪ್ಪಿನ ನೆಲದಲ್ಲಿ ಇಟ್ಟರು. ವಿದ್ಯುತ್ ಹೀಟರುಗಳಿಂದ ಗಣಿಯ ಕಂಬಗಳ ಬುಡವನ್ನು ಕಾಯಿಸಿದರು. ಕಾದ ಕಂಬಗಳು ಮೊದಲಿಗಿಂತ ಬೇಗ ಕುಗ್ಗಿದವು. ಒಟ್ಟಾರೆ ಫಲಿತಾಂಶ ಆಶಾದಾಯಕವಾಗಿತ್ತು. 1970ರ ಜೂನಿನಲ್ಲಿ ಅಣುಶಕ್ತಿ ಆಯೋಗ, ದೇಶದ ಮೊದಲ ಅಣುತ್ಯಾಜ್ಯ ಭಂಡಾರ ಲಯನ್ಸಿನಲ್ಲಿ ಎಂದು ಘೋಷಿಸಿತು.

ರಾಜ್ಯದ ಭೂವೈಜ್ಞಾನಿಕ ಇಲಾಖೆಯ ನಿರ್ದೇಶಕ ವಿಲಿಯಂ ಹ್ಯಾಂಬಲ್ಟನ್ ಅವರಿಗೆ ಇದು ಸರಿಕಾಣಲಿಲ್ಲ. ಅವರು ಉಪ್ಪಿನ ಗುಣವನ್ನು ಪ್ರಶ್ನಿಸಲಿಲ್ಲ, ಆ ಜಾಗವನ್ನು ಪ್ರಶ್ನಿಸಿದರು. ಸುತ್ತಮುತ್ತ ತೈಲಕ್ಕಾಗಿ ಕೊರೆದು ಬಿಟ್ಟ ಹಳೆಯ ಬಾವಿಗಳಿದ್ದವು. ಪಕ್ಕದ ಇನ್ನೊಂದು ಗಣಿಯಲ್ಲಿ ಉಪ್ಪು ಕರಗಿಸಿ ತೆಗೆಯಲು ಒಳಗೆ ಬಿಟ್ಟ ನೀರಿನಲ್ಲಿ ಸುಮಾರು 1,75,000 ಗ್ಯಾಲನ್ ಎಲ್ಲಿ ಹೋಯಿತೆಂದೇ ಗೊತ್ತಾಗಲಿಲ್ಲ. ನೆಲ ಅಲ್ಲಿ ಜಾಲರಿಯಂತೆ ತೂತುತೂತಾಗಿತ್ತು. ಸಂಸದ ಜೋ ಸ್ಕುಬಿಟ್ಜ್ ಕೂಡ ದನಿಯೆತ್ತಿದರು. 1972ರ ಹೊತ್ತಿಗೆ ಆಯೋಗ ಲಯನ್ಸನ್ನು ಕೈಬಿಟ್ಟಿತು. ಉಪ್ಪನ್ನು ನಂಬಬಹುದು, ಆದರೆ ಮನುಷ್ಯ ಮೊದಲೇ ಕೈಯಾಡಿಸಿದ ಉಪ್ಪನ್ನು ನಂಬಲಾಗದು ಎಂಬ ಪಾಠವನ್ನು ಲಯನ್ಸ್ ಕಲಿಸಿತು. ಜರ್ಮನಿಯಲ್ಲಿ ಆ ಪಾಠಕ್ಕೆ ಯಾರೂ ಕಿವಿಗೊಡಲಿಲ್ಲ.

ಆಸ್ಸೆ

ಜರ್ಮನಿಯ ಲೋಯರ್ ಸ್ಯಾಕ್ಸನಿಯಲ್ಲಿ, ವುಲ್ಫೆನ್‌ಬ್ಯುಟೆಲ್ ಪಟ್ಟಣದ ಹತ್ತಿರ ಆಸ್ಸೆ ಎಂಬ ಕಾಡುಗುಡ್ಡವಿದೆ. ಅದರಡಿಯಲ್ಲಿ ಸುಮಾರು 25 ಕೋಟಿ ವರ್ಷ ಹಿಂದಿನ ಸಮುದ್ರದ ಉಪ್ಪು. 20ನೇ ಶತಮಾನದ ಆರಂಭದಲ್ಲಿ ಅಲ್ಲಿ ಮೂರು ಗಣಿಗಳನ್ನು ತೆರೆದರು. ಆಸ್ಸೆ ಒಂದು 1906ರಲ್ಲಿಯೇ ನೀರು ನುಗ್ಗಿ ಮುಳುಗಿತು. ಆಸ್ಸೆ ಮೂರು ಕೂಡ ಮುಳುಗಿತು. ಉಳಿದದ್ದು ಆಸ್ಸೆ ಎರಡು. 1909ರಿಂದ ಅಲ್ಲಿ ಗೊಬ್ಬರಕ್ಕೆ ಪೊಟ್ಯಾಷ್, ಆಮೇಲೆ ಉಪ್ಪು ತೆಗೆದರು. 1964ರಲ್ಲಿ ಗಣಿ ಮುಚ್ಚುವ ಹೊತ್ತಿಗೆ ದಕ್ಷಿಣದ ಮಗ್ಗುಲೊಂದರಲ್ಲೇ 131 ಬೃಹತ್ ಕೋಣೆಗಳನ್ನು ಒಂದರ ಮೇಲೊಂದು, ಒಂದರ ಪಕ್ಕ ಒಂದು ಕೊರೆದಾಗಿತ್ತು. ನಡುವೆ ಬಿಟ್ಟ ಗೋಡೆ ತೆಳು. ಹೊರಗಿನ ನೀರಿರುವ ಬಂಡೆಗೂ ಕೋಣೆಗಳಿಗೂ ನಡುವೆ ಉಳಿದ ಉಪ್ಪಿನ ಪದರವೂ ತೆಳು.

1965ರಲ್ಲಿ ಜರ್ಮನ್ ಸರ್ಕಾರ ಈ ಗಣಿಯನ್ನು ಕೊಂಡಿತು. ಹೊಸದಾಗಿ ಭಂಡಾರ ಕೊರೆಯುವುದಕ್ಕಿಂತ ಸಿದ್ಧವಾಗಿರುವ ಕೋಣೆಗಳು ಅಗ್ಗ. ಕಾಗದದ ಮೇಲೆ ಅದರ ಹೆಸರು ಸಂಶೋಧನಾ ಗಣಿ. 1967ರಿಂದ 1978ರವರೆಗೆ 1,25,787 ಪೀಪಾಯಿ ವಿಕಿರಣಶೀಲ ತ್ಯಾಜ್ಯ 13 ಕೋಣೆಗಳನ್ನು ಸೇರಿತು. ಬಹುಪಾಲು 725 ಮತ್ತು 750 ಮೀಟರ್ ಆಳದಲ್ಲಿ. ಮೊದಮೊದಲು ಪೀಪಾಯಿಗಳನ್ನು ಅಚ್ಚುಕಟ್ಟಾಗಿ ಜೋಡಿಸುತ್ತಿದ್ದರು. ಬರಬರುತ್ತ ಯಂತ್ರದಲ್ಲಿ ತಂದು ಇಳಿಜಾರಿನ ಮೇಲಿಂದ ಸುರುವಿ ಮೇಲೆ ಉಪ್ಪು ಎರಚಿದರು. ಸಂಶೋಧನೆಯ ಹೆಸರಿನಲ್ಲಿ ಇಟ್ಟದ್ದನ್ನು ಮತ್ತೆ ತೆಗೆದುನೋಡುವ ಯೋಚನೆ ಯಾರಿಗೂ ಇರಲಿಲ್ಲ.

ವಿರೋಧ ಇರಲಿಲ್ಲವೆಂದಲ್ಲ. 1979ರಲ್ಲಿ ಹಾನ್ಸ್-ಹೆಲ್ಗೆ ಯೂರ್ಗನ್ಸ್ ಎಂಬ ಎಂಜಿನಿಯರ್ ಒಂದು ಅಧ್ಯಯನ ಪ್ರಕಟಿಸಿದರು. ಇಷ್ಟು ಟೊಳ್ಳು ಮಾಡಿದ ಉಪ್ಪು ಒಳಕ್ಕೆ ಬಾಗುತ್ತದೆ, ಅದರ ಬೆನ್ನಿಗೆ ಆತುನಿಂತ ಬಂಡೆ ಬಿರಿಯುತ್ತದೆ, ನೀರು ಬರುತ್ತದೆ, ಅಕ್ಕಪಕ್ಕದ ಎರಡು ಗಣಿಗಳಿಗೆ ಆದದ್ದೇ ಇದಕ್ಕೂ ಆಗುತ್ತದೆ ಎಂಬುದು ಅದರ ಸಾರ. ಅಧಿಕಾರಿಗಳು ಅದನ್ನು ತಳ್ಳಿಹಾಕಿದರು.

1988ರಲ್ಲಿ ನೀರು ಬಂತು. ದಿನಕ್ಕೆ ಸುಮಾರು 12,000 ಲೀಟರ್. ಕಾರಣ ನಾವು ಮೇಲೆ ನೋಡಿದ್ದೇ. ಕೋಣೆಗಳನ್ನು ತುಂಬಲು ಉಪ್ಪು ಒಳಕ್ಕೆ ನಡೆಯಿತು. ಆದರೆ ಅದರ ಬೆನ್ನಿಗಿದ್ದ ಬಂಡೆ ಉಪ್ಪಲ್ಲ. ಅದಕ್ಕೆ ಹರಿಯಲು ಬಾರದು, ಒಡೆಯಲಷ್ಟೇ ಗೊತ್ತು. ಆಸರೆ ತಪ್ಪಿದ ಆ ಬಂಡೆ ಬಿರುಕು ಬಿಟ್ಟಿತು, ಬಿರುಕಿಗೆ ಅಂತರ್ಜಲ ಇಳಿಯಿತು. ತಾನೇ ಗಾಯ ಮುಚ್ಚುವ ಗುಣಕ್ಕಾಗಿ ಯಾವ ಉಪ್ಪನ್ನು ಆರಿಸಿದ್ದರೋ ಅದೇ ಗುಣ ಇಲ್ಲಿ ಗಾಯವನ್ನು ತೆರೆಯಿತು. 1995ರಿಂದ 2004ರವರೆಗೆ ಖಾಲಿ ಕೋಣೆಗಳಿಗೆ ಬೇರೆ ಗಣಿಯ ಉಪ್ಪಿನ ಪುಡಿ ತುಂಬಿಸಿದರು. ಪುಡಿ ಕೂತು ಕುಗ್ಗಿ ಮೇಲೆ ಮತ್ತೆ ಸಂದು ಉಳಿಯಿತು.

ಇಪ್ಪತ್ತು ವರ್ಷ ಈ ನೀರಿನ ಕತೆ ಹೆಚ್ಚು ಜನರಿಗೆ ತಲುಪಲಿಲ್ಲ. ಗಣಿಯೊಳಗಿನ ಉಪ್ಪುನೀರಿನಲ್ಲಿ ವಿಕಿರಣಶೀಲ ಸೀಸಿಯಂ ಇರುವುದು 2008ರಲ್ಲಿ ಬಹಿರಂಗವಾದಾಗ ದೇಶವೇ ಬೆಚ್ಚಿತು. 2009ರ ಜನವರಿಯಲ್ಲಿ ಗಣಿಯ ಹೊಣೆ ವಿಕಿರಣ ರಕ್ಷಣೆಯ ಕೇಂದ್ರ ಇಲಾಖೆಗೆ ಹೋಯಿತು. ದಾಖಲೆ ತೆಗೆದುನೋಡಿದರೆ, ಒಳಗಿರುವ ಪ್ಲುಟೋನಿಯಂ ಮೊದಲು ಹೇಳಿದ್ದಂತೆ ಒಂಬತ್ತು ಚಿಲ್ಲರೆ ಕಿಲೋ ಅಲ್ಲ, ಸುಮಾರು 28 ಕಿಲೋ. 2010ರಲ್ಲಿ ಇಲಾಖೆ, ಇಟ್ಟದ್ದನ್ನೆಲ್ಲ ಹೊರತೆಗೆಯುವುದೇ ಸರಿಯಾದ ದಾರಿ ಎಂದಿತು. 2013ರಲ್ಲಿ ಸಂಸತ್ತು ಅದಕ್ಕೆ ಕಾನೂನು ಮಾಡಿತು. ಹೊರತೆಗೆಯುವ ಕೆಲಸ 2033ರಲ್ಲಿ ಆರಂಭವಾಗಬೇಕೆಂದು ಯೋಜನೆ ಹಾಕಲಾಯಿತು. ಅಲ್ಲಿಯವರೆಗೂ ನೀರನ್ನು ಹಿಡಿದು ಮೇಲೆ ತರುತ್ತಲೇ ಇರಬೇಕು.

ಪೀಪಾಯಿಗಳು ಈಗ ಯಾವ ಸ್ಥಿತಿಯಲ್ಲಿವೆ? ಅರ್ಧ ಶತಮಾನ ಉಪ್ಪು ಅವನ್ನು ಒತ್ತಿದೆ. ಹಾಲ್‌ಸ್ಟಾಟಿನಲ್ಲಿ ಉಪ್ಪಿನಿಂದ ಮನುಷ್ಯನನ್ನು ಬಿಡಿಸಿದ ಹಾಗೆ ಇಲ್ಲಿ ಉಪ್ಪಿನಿಂದ ತ್ಯಾಜ್ಯವನ್ನು ಬಿಡಿಸಬೇಕು. ಮನುಷ್ಯನ ಕೈ ಮುಟ್ಟುವಂತಿಲ್ಲ, ದೂರದಿಂದ ನಡೆಸುವ ಯಂತ್ರಗಳೇ ಬೇಕು. ಇತ್ತ ಗೋರ್ಲೆಬೆನ್ ಎಂಬ ಇನ್ನೊಂದು ಉಪ್ಪಿನ ಉಬ್ಬನ್ನು 1977ರಲ್ಲಿ ದೊಡ್ಡ ಭಂಡಾರಕ್ಕೆ ಗುರುತಿಸಿದ್ದರು. ರೈತರು ಟ್ರಾಕ್ಟರುಗಳೊಂದಿಗೆ ಬೀದಿಗಿಳಿದರು, ದಶಕಗಟ್ಟಲೆ ಹೋರಾಟ ನಡೆಯಿತು. ಕೊನೆಗೆ 2020ರಲ್ಲಿ, ಭೂವೈಜ್ಞಾನಿಕ ಕಾರಣಗಳಿಂದಲೇ ಆ ಜಾಗವನ್ನು ಪಟ್ಟಿಯಿಂದ ತೆಗೆದುಹಾಕಿದರು.

ನಿಲ್ಲದ ಗೋಡೆಗಳು

ಉಪ್ಪನ್ನು ಸರಿಯಾಗಿ ಬಳಸಿದರೆ? ಅದಕ್ಕೂ ಒಂದು ಉದಾಹರಣೆ ಇದೆ. ಅಮೆರಿಕದ ನ್ಯೂ ಮೆಕ್ಸಿಕೋದಲ್ಲಿ ಕಾರ್ಲ್ಸ್‌ಬಾಡ್ ಬಳಿ, 655 ಮೀಟರ್ ಆಳದ ಉಪ್ಪಿನಲ್ಲಿ ಭಂಡಾರಕ್ಕಾಗಿಯೇ ಹೊಸದಾಗಿ ಕೋಣೆಗಳನ್ನು ಕೊರೆದರು. ಮೊದಲು ಆರಿಸಿದ ಜಾಗದಲ್ಲಿ 1975ರಲ್ಲಿ ಪರೀಕ್ಷೆಗೆ ಕೊರೆದಾಗ ಒತ್ತಡದಲ್ಲಿದ್ದ ಉಪ್ಪುನೀರು ಎದುರಾಯಿತು. ಹಟ ಹಿಡಿಯದೆ ಬೇರೆ ಜಾಗಕ್ಕೆ ಸರಿದರು. 1980ರ ದಶಕದಲ್ಲಿ ಕೋಣೆಗಳನ್ನು ಕೊರೆದಾಗ ಇನ್ನೊಂದು ಆಶ್ಚರ್ಯ ಕಾದಿತ್ತು. ಗೋಡೆ, ನೆಲ, ಚಾವಣಿಗಳು ಲೆಕ್ಕ ಹಾಕಿದ್ದಕ್ಕಿಂತ ಸುಮಾರು ಮೂರು ಪಟ್ಟು ವೇಗದಲ್ಲಿ ಒಳಕ್ಕೆ ಬರುತ್ತಿದ್ದವು. ಪ್ರಯೋಗಶಾಲೆಯ ಸಣ್ಣ ಉಪ್ಪಿನ ತುಂಡು ಹೇಳಿದ್ದು ಒಂದು, ಬೆಟ್ಟ ಹೇಳಿದ್ದು ಇನ್ನೊಂದು. ಲೆಕ್ಕವನ್ನು ತಿದ್ದಲು ವರ್ಷಗಳೇ ಹಿಡಿದವು.

1999ರ ಮಾರ್ಚಿನಲ್ಲಿ ಅಲ್ಲಿಗೆ ಮೊದಲ ತ್ಯಾಜ್ಯ ಬಂತು. ಕೋಣೆ ಕೊರೆದು, ತುಂಬಿಸಿ, ಮುಚ್ಚುವುದು ಅಲ್ಲಿ ಉಪ್ಪಿನೊಂದಿಗಿನ ಓಟದ ಪಂದ್ಯ. ಬಹಳ ಮುಂಚೆ ಕೊರೆದಿಟ್ಟರೆ ಕೋಣೆಯೇ ಕಿರಿದಾಗುತ್ತದೆ. 2014ರ ಫೆಬ್ರುವರಿಯಲ್ಲಿ ಒಂದು ಪೀಪಾಯಿ ಒಳಗಿನ ರಾಸಾಯನಿಕ ಕ್ರಿಯೆಯಿಂದ ಸಿಡಿಯಿತು. ನೈಟ್ರೇಟ್ ತ್ಯಾಜ್ಯದೊಂದಿಗೆ ಸೇರಿಸಬಾರದ ಸಾವಯವ ಪುಡಿಯನ್ನು, ಬೆಕ್ಕಿನ ಹೇಸಿಗೆ ಹೀರಲು ಬಳಸುವ ಪುಡಿಯನ್ನು, ಬೆರೆಸಿದ್ದೇ ಕಾರಣ. ವಿಕಿರಣ ಹೊರಗೂ ಬಂತು. ಸುಮಾರು ಮೂರು ವರ್ಷ ಕೆಲಸ ನಿಂತಿತು. ಮನುಷ್ಯರ ಕೆಲಸ ನಿಂತಿತೇ ಹೊರತು ಉಪ್ಪಿನದಲ್ಲ. ಸಮಯಕ್ಕೆ ಬೋಲ್ಟು ಹಾಕಿ ಚಾವಣಿ ಭದ್ರಪಡಿಸಲಾಗದ ಕಡೆಗಳಲ್ಲಿ 2016ರಲ್ಲಿ ಚಾವಣಿ ಉದುರಿತು. 2017ರ ಜನವರಿಯಲ್ಲಿ ಮತ್ತೆ ಕೆಲಸ ಆರಂಭವಾಯಿತು.

ಆ ಜಾಗದ ಬಗ್ಗೆ ಕತೆ ಬರೆಯುವ ನನ್ನಂಥವನನ್ನು ಕಾಡುವ ಸಂಗತಿ ಇನ್ನೊಂದಿದೆ. ಹತ್ತು ಸಾವಿರ ವರ್ಷದ ನಂತರ ಅಲ್ಲಿಗೆ ಬಂದು ಅಗೆಯುವವರಿಗೆ, ಇಲ್ಲಿ ಅಗೆಯಬೇಡಿ ಎಂದು ಹೇಗೆ ತಿಳಿಸುವುದು? 1990ರ ದಶಕದ ಆರಂಭದಲ್ಲಿ ಭಾಷಾತಜ್ಞರು, ಮಾನವಶಾಸ್ತ್ರಜ್ಞರು, ಕಲಾವಿದರನ್ನು ಕೂರಿಸಿ ಇದನ್ನು ಯೋಚಿಸಿದರು. ನನ್ನ ಜೀವಮಾನದಲ್ಲೇ ನಮ್ಮ ಊರಿನ ಹಳೆಯ ಗೋರಿಗಳ ಮೇಲಿನ ಫಾರಸಿ ಓದುವವರು ಇಲ್ಲದಂತಾದರು. ಹೆಸರುಗಳಿವೆ, ಓದುವ ಕಣ್ಣಿಲ್ಲ.

ಕೋಲಾರದ ಬಂಡೆ

ಇದೆಲ್ಲ ದೂರದ ದೇಶಗಳ ಮಾತು, ನಮಗೇನು ಎನ್ನುವಂತಿಲ್ಲ. 1980ರ ದಶಕದಲ್ಲಿ ನಮ್ಮ ಕೋಲಾರದ ಚಿನ್ನದ ಗಣಿಯ ಕೈಬಿಟ್ಟ ಭಾಗವೊಂದರಲ್ಲಿ, ಸುಮಾರು 1,000 ಮೀಟರ್ ಆಳದಲ್ಲಿ, ಅಣುಶಕ್ತಿ ಇಲಾಖೆಯ ವಿಜ್ಞಾನಿಗಳು ಹೀಟರುಗಳಿಂದ ಬಂಡೆಯನ್ನು ವರ್ಷಗಟ್ಟಲೆ ಕಾಯಿಸಿ, ಅದು ಹೇಗೆ ವರ್ತಿಸುತ್ತದೆಂದು ಅಳೆದಿದ್ದರು. ಲಯನ್ಸಿನಲ್ಲಿ ಉಪ್ಪಿಗೆ ಕೇಳಿದ ಪ್ರಶ್ನೆಯನ್ನೇ ಇಲ್ಲಿ ಗಟ್ಟಿಶಿಲೆಗೆ ಕೇಳಿದರು. ಆದರೆ ಕೋಲಾರದ ಬಂಡೆಯ ಸ್ವಭಾವ ಉಪ್ಪಿಗೆ ತದ್ವಿರುದ್ಧ. ಅದು ಬಗ್ಗುವುದಿಲ್ಲ, ಒತ್ತಡವನ್ನು ಒಳಗೇ ನುಂಗಿಕೊಂಡು ಒಂದು ದಿನ ಸಿಡಿಯುತ್ತದೆ. ಆ 'ರಾಕ್ ಬರ್ಸ್ಟ್'ಗಳಿಗೆ ಎಷ್ಟೋ ಕಾರ್ಮಿಕರು ಬಲಿಯಾದರು. 2001ರ ಫೆಬ್ರುವರಿ 28ರಂದು ಗಣಿ ಮುಚ್ಚಿತು. 2012ರ ನವೆಂಬರಿನಲ್ಲಿ, ಕೂಡಂಕುಳಂ ಸ್ಥಾವರದ ತ್ಯಾಜ್ಯ ಕೋಲಾರದ ಗಣಿಗೆ ಬರುತ್ತದೆಂಬ ಸುದ್ದಿ ಹಬ್ಬಿ ಕೆಜಿಎಫ್ ಜನ ಬೀದಿಗಿಳಿದರು. ಅಂಥ ಪ್ರಸ್ತಾಪವಿಲ್ಲವೆಂದು ಸರ್ಕಾರ ಹೇಳಿತು. ಚಿನ್ನ ತೆಗೆಯುವಾಗ ದೇಹ ಕೊಟ್ಟವರ ಮಕ್ಕಳಿಗೆ, ಉಳಿದ ತೂತಿನಲ್ಲಿ ಬೇರೆಯವರ ಕಸ ಬೀಳಬಹುದೆಂಬ ಭಯ. ಆಸ್ಸೆಯ ಕತೆ ಓದಿದವರಿಗೆ ಆ ಭಯ ಅಜ್ಞಾನ ಅನ್ನಿಸದು.

ನಮ್ಮ ಕೈಗಾ ಸ್ಥಾವರ 2000ದಿಂದ ವಿದ್ಯುತ್ ಕೊಡುತ್ತಿದೆ. ಆ ಬೆಳಕಿನಲ್ಲಿಯೇ ನಾವು ಓದುತ್ತೇವೆ, ಬರೆಯುತ್ತೇವೆ. ದೇಶದಲ್ಲಿ ಇಂಥ ಆಳದ ಶಾಶ್ವತ ಭಂಡಾರ ಇನ್ನೂ ಇಲ್ಲ. ಒಂದಲ್ಲ ಒಂದು ದಿನ ಯಾವುದೋ ಬೆಟ್ಟದ ಮುಂದೆ ನಾವೂ ನಿಲ್ಲಲೇಬೇಕು.

ಅಮಾನತ್ ಎಂಬ ಪದವನ್ನು ನಾನು ಎರಡು ಶಾಲೆಗಳಲ್ಲಿ ಎರಡು ಅರ್ಥದಲ್ಲಿ ಕಲಿತೆ. ಉರ್ದುವಿನಲ್ಲಿ ಅದು ನಂಬಿ ಒಪ್ಪಿಸಿದ ವಸ್ತು. ಕೇಳಿದಾಗ ಹಾಗೆಯೇ ಹಿಂದಿರುಗಿಸಬೇಕಾದದ್ದು. ಕನ್ನಡದ ಪತ್ರಿಕೆಗಳಲ್ಲಿ ಅಮಾನತು ಎಂದರೆ ನೌಕರನನ್ನು ವಿಚಾರಣೆ ಮುಗಿಯುವವರೆಗೆ ಕೆಲಸದಿಂದ ದೂರವಿಡುವುದು. ಆಸ್ಸೆಯ ಪೀಪಾಯಿಗಳು ಎರಡೂ ಅರ್ಥದಲ್ಲಿ ಅಮಾನತು. ಬೆಟ್ಟಕ್ಕೆ ಒಪ್ಪಿಸಿದ್ದು ನಿಜ, ತೀರ್ಮಾನ ಮುಂದಕ್ಕೆ ಹಾಕಿದ್ದೂ ನಿಜ. ಪವಿತ್ರ ಕುರ್‌ಆನಿನ ಅಲ್ ಅಹ್‌ಝಾಬ್ ಅಧ್ಯಾಯದಲ್ಲಿ ಒಂದು ಪ್ರಸಂಗ ಬರುತ್ತದೆ. ಆಕಾಶ, ಭೂಮಿ, ಪರ್ವತಗಳ ಮುಂದೆ ಅಮಾನತ್ತನ್ನು ಇಟ್ಟಾಗ ಅವು ಹೊರಲು ಅಂಜಿದವು, ಮನುಷ್ಯ ಹೊತ್ತುಕೊಂಡ. ಆ ಅಮಾನತ್ತಿನ ಅರ್ಥದ ಬಗ್ಗೆ ವ್ಯಾಖ್ಯಾನಕಾರರು ಹೇಳಿದ್ದು ಬೇರೆ, ಅದು ನನ್ನ ಅಧಿಕಾರದ ಮಾತಲ್ಲ. ಆದರೆ ಹೊತ್ತವನು ಅದನ್ನು ಮತ್ತೆ ಪರ್ವತದ ಹೆಗಲಿಗೇ ದಾಟಿಸಲು ನೋಡಿದ ಕತೆಯನ್ನು ಓದುವಾಗಲೆಲ್ಲ ನನಗೆ ಆ ಪ್ರಸಂಗ ನೆನಪಾಗುತ್ತದೆ.

ಉಪ್ಪು ಇಲ್ಲಿ ಯಾರಿಗೂ ದ್ರೋಹ ಮಾಡಲಿಲ್ಲ. ಹಾಲ್‌ಸ್ಟಾಟಿನಲ್ಲಿ, ಚೆಹ್ರಾಬಾದಿನಲ್ಲಿ, ಕೂಹೆ ನಮಕ್‌ನಲ್ಲಿ ಮಾಡಿದ್ದನ್ನೇ ಆಸ್ಸೆಯಲ್ಲೂ ಮಾಡಿತು. ಒತ್ತಿದಷ್ಟು ಬಾಗಿತು, ಬಿಸಿ ಕಂಡಷ್ಟು ಬೇಗ ನಡೆಯಿತು. ನಮಕ್ ಹರಾಮ್ ಎನ್ನುವುದಾದರೆ ಆ ಮಾತು ನಮಕಿಗೆ ಸಲ್ಲದು. ತೂತು ಬಿದ್ದ ಗಣಿ ಎಂದು ಗೊತ್ತಿದ್ದೂ ಅಗ್ಗಕ್ಕೆ ಸಿಕ್ಕಿತೆಂದು ಆರಿಸಿದವರು, ಎಚ್ಚರಿಸಿದವರ ಮಾತನ್ನು ಮೂಲೆಗಿಟ್ಟವರು, ನೀರು ಬಂದ ಮೇಲೂ ಊರಿಗೆ ಹೇಳದವರು ಮನುಷ್ಯರು.

ಉಪ್ಪು ತಿಂದವನು ನೀರು ಕುಡಿಯಲೇಬೇಕು ಎಂಬ ಗಾದೆಯಲ್ಲಿ ಒಂದು ನ್ಯಾಯವಿದೆ: ತಿಂದವನೂ ಕುಡಿಯುವವನೂ ಒಬ್ಬನೇ. ಆಸ್ಸೆಯಲ್ಲಿ ಆ ನ್ಯಾಯ ತಪ್ಪಿಹೋಗಿದೆ. 1967ರಲ್ಲಿ ಪೀಪಾಯಿ ಇಳಿಸಲು ಆಜ್ಞೆ ಮಾಡಿದವರಲ್ಲಿ ಹೆಚ್ಚಿನವರು ಈಗಾಗಲೇ ಮಣ್ಣು ಸೇರಿರಬಹುದು. ಅವರು ತಿಂದ ಉಪ್ಪಿಗೆ ನೀರನ್ನು ಅಂದು ಹುಟ್ಟಿಯೇ ಇರದವರು, ದಿನಕ್ಕೆ ಹನ್ನೆರಡು ಸಾವಿರ ಲೀಟರಿನ ಲೆಕ್ಕದಲ್ಲಿ, ಗಣಿಯಿಂದ ಮೇಲಕ್ಕೆ ಎತ್ತುತ್ತಿದ್ದಾರೆ.